ಎರಡೂ ಕೈಯಲ್ಲಿ ದೇವರು

ಮಟಮಟ ಮಧ್ಯಾಹ್ನವಾದರೂ ಹೊಗೆಯಿಂದ ಮೆಟ್ಟಿಲು ಕಾಣುತ್ತಿರಲಿಲ್ಲ. ವಿಕ್ರೋಳಿಯ ನಮ್ಮ ಬಿಲ್ಡಿಂಗಿನ ಮೀಟರ್ ಬೋರ್ಡಿಗೆ ಬೆಂಕಿ ಹತ್ತಿ, ಎಲ್ಲರೂ "ಭಾಗೋ, ಭಾಗೋ" ಎನ್ನುತ್ತ ಇಳಿಯುತ್ತಿದ್ದರು. ನಾಲ್ಕನೇ ಮಹಡಿಯ ಮನೆಯಲ್ಲಿದ್ದದ್ದು ನಾನು ಮತ್ತು ಮಂಡಿನೋವಿನ ಅತ್ತೆ. ದೇವರ ಜಗಲಿಯ ಮೇಲಿನ ಬೆಳ್ಳಿ ಮೂರ್ತಿಗಳನ್ನೆಲ್ಲ ತಟ್ಟೆಯಲ್ಲಿಟ್ಟುಕೊಂಡು ಹೊರಟಿದ್ದೆ. ಅವು ಜೊತೆಗಿದ್ದರೆ ನಮಗೇನೂ ಆಗದು ಎಂಬ ಧೈರ್ಯ.

ಮೂರನೇ ಮಹಡಿಯ ತಿರುವಿನಲ್ಲಿ ಅತ್ತೆ ಕೈ ಚಾಚಿದರು. "ಸುಮಾ, ಕೈ ಹಿಡಿ ಯವ್ವಾ."

"ತಟ್ಟಿ ಐತ್ರಿ ಅತ್ತಿ, ಒಂದ ಕೈಲೆ ಹೆಂಗ ಹಿಡೀಲಿ?" ಎಂದೆ. ದೇವರ ತಟ್ಟೆಯನ್ನು ಒಂದೇ ಕೈಯಲ್ಲಿ ಹಿಡಿಯಬಾರದು, ಕಂಡಲ್ಲಿ ಇಡಬಾರದು ಎಂದು ಮದುವೆಯಾಗಿ ಧಾರವಾಡದ ಮನೆಗೆ ಬಂದಾಗ ನನಗೆ ಕಲಿಸಿದವರು ಅವರೇ.

"ಅಲ್ಲೇ ಇಟ್ಟಬಿಡ. ದೇವ್ರು ಬರೀ ತಟ್ಟ್ಯಾಗ ಅದಾನೇನ? ನಮ್ಮ ಜೋಡಿ ಬರ್ತಾನ, ನಡಿ."

ನಾನು ಇಡಲಿಲ್ಲ. ಸೆರಗು ಹಿಡಿದುಕೊಂಡು ಬರಲು ಹೇಳಿ ಮುಂದೆ ಇಳಿದೆ. ಎರಡನೇ ಮಹಡಿಯವರೆಗೆ ಸೆರಗು ಜಗ್ಗುತ್ತಿತ್ತು. ಆಮೇಲೆ ಹಗುರಾಯಿತು. ತಿರುಗುವಷ್ಟರಲ್ಲಿ ಹಿಂದಿನವರು ನನ್ನನ್ನು ಕೆಳಕ್ಕೆ ನೂಕಿಕೊಂಡೇ ಹೋದರು. ಅಗ್ನಿಶಾಮಕದವರು ಅತ್ತೆಯನ್ನು ಹೊತ್ತು ತಂದಾಗ ಉಸಿರು ನಿಂತಿತ್ತು.

ತಟ್ಟೆಯಲ್ಲಿ ಒಂದು ಮೂರ್ತಿಯೂ ಅಲುಗಿರಲಿಲ್ಲ. ಈಗಲೂ ದಿನಾ ಪೂಜೆ ಮಾಡುತ್ತೇನೆ. ಕಣ್ಣು ಮುಚ್ಚಿದರೆ ಕಾಣುವುದು ಹೊಗೆಯಲ್ಲಿ ಚಾಚಿದ ಆ ಕೈ. ಅತ್ತೆ ದೇವರನ್ನು ನಂಬಿದ್ದರು, ನಾನು ನಂಬಿದ್ದು ತಟ್ಟೆಯನ್ನು.