ಊರಿನ ವಿಳಾಸದ ವಿಮೆ

ಮೊಣಕಾಲಿಗೆ ನೋವಿನ ಮುಲಾಮು ತಿಕ್ಕಿಕೊಂಡು ಕುಳಿತಿದ್ದೆ. ಒಳಗೆ ಬಂದ ಸುನೀತಾ ಮೂಗರಳಿಸಿ, "ಅಂಕಲ್, ವಿಠಲ ಮಾಮನ ಮನೆ ವಾಸನೆ" ಅಂದಳು. ಡೊಂಬಿವಲಿಯಲ್ಲಿ ನನ್ನ ಗೆಳೆಯ ವಿಠಲಣ್ಣನ ಪಕ್ಕದ ಮನೆಯಲ್ಲೇ ಬೆಳೆದವಳು ಅವಳು. ಈಗ ವಿಮೆ ಮಾರುತ್ತಾಳೆ. ಠಾಕುರ್ಲಿಯ ನನ್ನ ಮನೆಗೆ ಯಾರಾದರೂ ಬರುವುದೇ ಅಪರೂಪ. ಹಾಗಾಗಿ ವಿಮೆ ಮಾರಲು ಬಂದವಳಿಗೂ ಎರಡು ಸಲ ಚಹಾ ಮಾಡಿ ಕೊಟ್ಟೆ.

ನನ್ನ ಹಳೆಯ ಕಚೇರಿಯ ಆರೋಗ್ಯವಿಮೆ ಮಕ್ಕಳ ಕೊಡೆಯ ಹಾಗೆ, ತಲೆಯೊಂದನ್ನು ಮುಚ್ಚುತ್ತದೆ. ಅದರ ಮೇಲೆ ಇನ್ನೊಂದು ಬೇಕೆನ್ನುವುದು ಸುನೀತಾಳ ವಾದ. ಅದರಲ್ಲಿ ಎರಡು ಜಾತಿಯಂತೆ. ಟಾಪ್-ಅಪ್ ಎನ್ನುವುದು ಒಂದೊಂದು ಸಲದ ಬಿಲ್ಲನ್ನೂ ಬೇರೆಯಾಗಿಯೇ ನೋಡುತ್ತದೆ. ಆ ಒಂದು ಬಿಲ್ಲು ಗಡಿ ದಾಟಿದರೆ ಮಾತ್ರ ಕೈ ಬಿಚ್ಚುತ್ತದೆ. ಸೂಪರ್ ಟಾಪ್-ಅಪ್ ವರ್ಷದ ಬಿಲ್ಲುಗಳನ್ನೆಲ್ಲ ಕೂಡಿಸಿ ನೋಡುತ್ತದೆ. "ಈ ವಯಸ್ಸಲ್ಲಿ ಒಂದೇ ಸಲ ಅಡ್ಮಿಟ್ ಆಗಿ ಮುಗಿಯೋದಿಲ್ಲ ಅಂಕಲ್. ಸೂಪರೇ ಲೇ ಲೋ, ಅದನ್ನೇ ತಗೊಳ್ಳಿ" ಅಂದಳು. ಹುಡುಗಿ ಒಳ್ಳೆಯ ಸುದ್ದಿಯನ್ನೇನೂ ಹೇಳಲಿಲ್ಲ, ಆದರೆ ಸುಳ್ಳನ್ನೂ ಹೇಳಲಿಲ್ಲ. ಒಪ್ಪಿಕೊಂಡೆ.

ಸಿಕ್ಕಿಬಿದ್ದದ್ದು ಮುಂದಿನ ಪ್ರಶ್ನೆಗೆ. "ಅಡ್ರೆಸ್ ಯಾವ್ದು ಹಾಕ್ಲಿ? ಇಲ್ಲಿಂದಾ, ಊರಿಂದಾ?"

ಊರಿನ ವಿಳಾಸ ಕೊಟ್ಟರೆ, ಅಲ್ಲಿ ಆಸ್ಪತ್ರೆ ಖರ್ಚು ಕಡಿಮೆಯೆಂದು, ಕಂತೂ ಕಡಿಮೆ. ಆದರೆ ಆಮೇಲೆ ಇಲ್ಲಿನ ಆಸ್ಪತ್ರೆಗೆ ಸೇರಿದರೆ ಬಿಲ್ಲಿನ ಒಂದು ಪಾಲು ನಮ್ಮ ತಲೆಗೇ. ಉಡುಪಿ ಕಡೆಯ ನಮಗೆ ಇದೊಂದು ಪ್ರಶ್ನೆಯೇ ಆಗಿರಲಿಲ್ಲ ಎಂದರೆ ನೀವು ನಂಬಬೇಕು. ಜೀವಮಾನವಿಡೀ ಲೋಕಲ್ ಟ್ರೇನಿನಲ್ಲಿ ನೇತಾಡಿ, ಮನೆ ಕೊಂಡು, ಮರಾಠಿಯಲ್ಲೇ ಜಗಳವಾಡುವಷ್ಟು ಪಳಗಿದವರೂ ವಿಳಾಸ ಕೇಳಿದ ಕೂಡಲೇ ಊರಿನದ್ದನ್ನೇ ಹೇಳುವವರು. ಕಣ್ಣಿನ ಪೊರೆ ಇರಲಿ, ಪಿತ್ತಕೋಶದ ಕಲ್ಲಿರಲಿ, ಆಪರೇಷನ್ ಎಂದರೆ ಕೊಂಕಣದ ರೈಲು ಹತ್ತುವುದು ಎಂದೇ ಅರ್ಥ.

ಈ ಪಂಥದ ಗುರು ವಿಠಲಣ್ಣ. ಬೇಲಾಪುರದ ಕಚೇರಿಯೊಂದರಲ್ಲಿ ಕ್ಯಾಂಟೀನು ನಡೆಸಿ ಸುಸ್ತಾಗಿ ನಿಲ್ಲಿಸಿದವರು, ಹೆಂಡತಿಯನ್ನು ಕಳೆದುಕೊಂಡವರು. ನನ್ನದೂ ಅದೇ ಕತೆ, ಇಬ್ಬರಿಗೂ ಮಕ್ಕಳಿಲ್ಲ. ಭಾನುವಾರ ಅವರ ಮನೆಯಲ್ಲಿ ಊಟ, ಊಟದ ಮೇಲೆ ಒಬ್ಬರ ಕಾಯಿಲೆಯನ್ನು ಇನ್ನೊಬ್ಬರ ಮುಂದೆ ಹಾಡಿಕೊಳ್ಳುವುದು. ಅವರು ವಿಮೆಗೆ ಊರಿನ ವಿಳಾಸವನ್ನೇ ಕೊಟ್ಟಿದ್ದರು. ಏನಣ್ಣ ಇದು ಎಂದರೆ, "ಇಲ್ಲಿ ಮಲಗಿದರೆ ಗಂಜಿ ತಂದುಕೊಡ್ಲಿಕ್ಕೆ ಯಾರುಂಟು ಮಾರಾಯ? ಊರಲ್ಲಾದ್ರೆ ಮಂಚದ ಸುತ್ತ ಕೂತುಕೊಳ್ಳಲಿಕ್ಕೆ ಜಾಗ ಸಾಲದು" ಎನ್ನುತ್ತಿದ್ದರು.

ಎದೆಯಲ್ಲಿ ಏನೋ ಹಿಡಿದಂತಾಗುತ್ತದೆ ಎಂದು ಅವರು ಹೇಳಿದ ದಿನ, ಇಲ್ಲೇ ತೋರಿಸೋಣ ಎಂದು ನಾನು ಗೋಗರೆದೆ. ಕಿವಿಗೇ ಹಾಕಿಕೊಳ್ಳಲಿಲ್ಲ. ಠಾಣೆ ಸ್ಟೇಷನ್ನಿನಲ್ಲಿ ಊರಿನ ರೈಲು ಹತ್ತಿಸಿ ಬಂದೆ. ಉಡುಪಿಯ ಆಸ್ಪತ್ರೆಗೆ ಸೇರಿದ ಕೆಲವು ದಿನಕ್ಕೆ ಅವರದೇ ಫೋನು ಬಂತು.

"ನೀನು ಒಮ್ಮೆ ಬರ್ತೀಯಾ?"

"ಯಾಕಣ್ಣ, ಅಲ್ಲಿ ಜನ ಇಲ್ವಾ?"

"ಜನ ಎಲ್ಲುಂಟು? ಅಣ್ಣನ ಮಕ್ಕಳು ಖಾರಘರದಲ್ಲಿ, ತಂಗಿ ಕಲ್ಯಾಣದಲ್ಲಿ. ನಮ್ಮ ಊರಿನವರೆಲ್ಲ ಅಲ್ಲೇ ಇದ್ದಾರಲ್ಲ ಮಾರಾಯ."

ಹೋದೆ. ಮಂಚದ ಸುತ್ತ ಬೇಕಾದಷ್ಟು ಜಾಗವಿತ್ತು. ನನ್ನನ್ನು ನೋಡಿ ನಕ್ಕರು, ಆಮೇಲೆ ಸಣ್ಣ ದನಿಯಲ್ಲಿ, "ಇಲ್ಲಿ ನನ್ನ ಗುರ್ತವೇ ಯಾರಿಗೂ ಇಲ್ಲ" ಅಂದರು. ಮರುದಿನ ತೀರಿಕೊಂಡರು. ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕುಳಿತು ಅತ್ತೆ. ಅರ್ಧ ಅವರಿಗಾಗಿ, ಅರ್ಧ ನನಗಾಗಿಯೇ.

ಇದನ್ನೆಲ್ಲ ಸುನೀತಾಳಿಗೆ ಹೇಳಲಿಲ್ಲ. "ಇಲ್ಲಿಯದ್ದೇ ಹಾಕು" ಎಂದೆ. ಕಂತು ಹೆಚ್ಚಾಗುತ್ತದೆ ಎಂದಳು. ಆಗಲಿ ಬಿಡು ಎಂದೆ.

"ಮತ್ತೆ ಅಂಕಲ್, ಏನಾದ್ರೂ ಆದ್ರೆ ಯಾರಿಗೆ ಫೋನ್ ಮಾಡ್ಬೇಕು? ಬಿಲ್ಡಿಂಗಲ್ಲಿ ಯಾರಾದ್ರೂ?"

ಇಷ್ಟು ವರ್ಷ ಈ ಪ್ರಶ್ನೆಗೆ ವಿಠಲಣ್ಣನ ನಂಬರು ಬಾಯಿಗೆ ಬರುತ್ತಿತ್ತು. ಈಗಲೂ ಬಂತು, ನುಂಗಿಕೊಂಡೆ.

"ನಂದೇ ಹಾಕ್ಲಾ?" ಅಂದಳು. ಅವಳ ಸಂಸಾರ ಈಗ ಘಣಸೋಲಿಯಲ್ಲಿ.

"ನೀನು ಠಾಣೆಯಲ್ಲಿ ಗಾಡಿ ಬದಲಾಯಿಸಿ ಬರುವಷ್ಟರಲ್ಲಿ ನಾನು ಹೊರಟಾಗಿರ್ತದೆ" ಎಂದು ನಕ್ಕೆ. ಅವಳು ನಗಲಿಲ್ಲ. ನಾಳೆ ತಿಳಿಸುತ್ತೇನೆ ಎಂದು ಕಳಿಸಿದೆ.

ಟಾಪ್-ಅಪ್ಪೋ ಸೂಪರೋ ಎಂದು ಆರಿಸುವುದು ಸುಲಭ. ಆಸ್ಪತ್ರೆಯಿಂದ ಫೋನು ಬಂದರೆ ಚಪ್ಪಲಿ ಮೆಟ್ಟಿಕೊಂಡು ಹೊರಡುವ ಒಬ್ಬ ಮನುಷ್ಯನನ್ನು ಯಾವ ಕಂಪನಿಯೂ ಕೊಡುವುದಿಲ್ಲ. ಅಂಥವನನ್ನು ನಾವೇ ಸಂಪಾದಿಸಿಕೊಳ್ಳಬೇಕು. ನಾನೋ ಈ ಬಿಲ್ಡಿಂಗಿಗೆ ಬಂದಾಗಿನಿಂದ ಲಿಫ್ಟಿನಲ್ಲಿ ಗೋಡೆ ನೋಡುತ್ತಾ ನಿಂತವನು. ಹೇಗೂ ನಮ್ಮ ಜನ ಊರಲ್ಲಿದ್ದಾರಲ್ಲ ಎಂಬ ಧಿಮಾಕು.

ಸಂಜೆ ಶರ್ಟು ಹಾಕಿಕೊಂಡು ಎದುರು ಮನೆಯ ಬೆಲ್ಲು ಒತ್ತಿದೆ. ಯಾಕೆಂದು ಕೇಳಿದರೆ ಹೇಳಲು ಮರಾಠಿಯಲ್ಲಿ ಒಳ್ಳೆಯ ಎರಡು ವಾಕ್ಯ ಕಟ್ಟಿಕೊಂಡಿದ್ದೆ. ಬಾಗಿಲು ತೆರೆದ ಮನುಷ್ಯ ನನ್ನನ್ನು ಕಂಡು ಗಾಬರಿಯಾದ. "ಕಾಯ್ ಝಾಲಂ ಕಾಕಾ? ಏನಾಯ್ತು, ಮೈಗೆ ಹುಷಾರಿಲ್ಲವಾ?" ಎಂದು ಅವನ ಭಾಷೆಯಲ್ಲಿ ಕೇಳುತ್ತಾ ಆಗಲೇ ನನ್ನ ತೋಳು ಹಿಡಿದಿದ್ದ.

ಕಟ್ಟಿಕೊಂಡ ವಾಕ್ಯಗಳೆರಡೂ ಮರೆತುಹೋದವು. "ಹುಷಾರಾಗಿದ್ದೇನಪ್ಪ. ಹುಷಾರಾಗಿರುವಾಗಲೇ ಬಂದೆ" ಎಂದೆ.