ತಾತನ ನಮಸ್ಕಾರ ಹೊತ್ತು ಹೋದೆ

ಕೆನಡಾದ ಪೋರ್ಟ್ ಕ್ರೆಡಿಟ್‌ನ ಸರೋವರದ ದಂಡೆಯಲ್ಲಿ, ಬೆಂಚಿನ ಮೇಲೆ ಓದುತ್ತಾ ಕೂತಿದ್ದ ಬಿಳಿಗಡ್ಡದ ಅಜ್ಜನ ಪಾದಕ್ಕೆ ದಡಕ್ಕನೆ ಬಿದ್ದೆ. ಅವರು ಬೆಚ್ಚಿದ ರಭಸಕ್ಕೆ ಕೈಯಲ್ಲಿದ್ದ ಕಾಫಿಯಿಂದ ನನಗೆ ಅಭಿಷೇಕವಾಯಿತು.

"ನನ್ನ ಶೂ ಲೇಸ್ ಬಿಚ್ಚಿತ್ತೇನಪ್ಪ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ತಪ್ಪೆಲ್ಲ ಅವರು ಓದುತ್ತಿದ್ದ ಪುಸ್ತಕದ್ದು. ಮೈಸೂರಿನಲ್ಲಿ ನನ್ನ ತಾತ ಮತ್ತೆ ಮತ್ತೆ ಓದುತ್ತಿದ್ದ ಅಮೆರಿಕನ್ ಕಾದಂಬರಿ ಅದು. ಬರೆದವರು ಯಾರಿಗೂ ಮುಖ ತೋರಿಸದೆ ಬದುಕುವವರು. ಬೆನ್ನುಪುಟದಲ್ಲಿ ಫೋಟೋ ಕೂಡ ಇಲ್ಲ. ನಾನು ಕೆನಡಾಗೆ ಹೊರಟಾಗ ತಾತ, "ಪಕ್ಕದ ದೇಶ ತಾನೇ, ಆ ಪುಣ್ಯಾತ್ಮ ಸಿಕ್ಕಿದ್ರೆ ನನ್ನದೊಂದು ನಮಸ್ಕಾರ ಮುಟ್ಟಿಸೋ" ಅಂದಿದ್ದರು. ಈಗ ತಾತ ಇಲ್ಲ. ಒಂಟಿ ಅಜ್ಜ, ಅದೇ ಪುಸ್ತಕ! ಇವರೇ ಎಂದು ತೀರ್ಮಾನಿಸಿಬಿಟ್ಟೆ. ತಮ್ಮ ಪುಸ್ತಕವನ್ನು ತಾವೇ ಯಾಕೆ ಓದುತ್ತಾರೆ ಎಂಬ ಬುದ್ಧಿ ಕಾಫಿ ಬಿದ್ದ ಮೇಲೆ ಬಂತು.

ನಾಚಿಕೆಯಿಂದ ಎಲ್ಲ ಹೇಳಿದೆ. ಅವರು ನಗಲಿಲ್ಲ. "ನಾನು ಬರೀ ಓದುಗ. ಕೂತ್ಕೋ, ನಿಮ್ಮ ತಾತಂಗೆ ಯಾವ ಭಾಗ ಇಷ್ಟ?" ಎಂದರು. ನಾನು ಹೇಳಿದ ಭಾಗಕ್ಕೆ ಪುಟ ತಿರುಗಿಸಿ, ಅದನ್ನೇ ಗಟ್ಟಿಯಾಗಿ ಓದಿದರು. ತಾತನಂತೆಯೇ, ನಡುನಡುವೆ ಕನ್ನಡಕ ಮೇಲೆತ್ತಿ.

ಜಾಕೆಟ್ಟಿನ ಕಾಫಿ ಕಲೆ ಇನ್ನೂ ಹೋಗಿಲ್ಲ. ತಾತನ ನಮಸ್ಕಾರ ಮುಟ್ಟಿತೆಂದೇ ನಂಬಿದ್ದೇನೆ, ವಿಳಾಸ ಮಾತ್ರ ಸ್ವಲ್ಪ ತಪ್ಪಿತು.