ಹಂಡೆಯೊಳಗಿನ ಬೀಗರ ಹಾಡು

ಬೀಗರಿಗೆ ಊಟದಲ್ಲಿ ಕಡಿಮೆ ಮಾಡಿದರೂ ನಡೆದೀತು, ಬೈಗುಳದಲ್ಲಿ ಕಡಿಮೆ ಮಾಡಬಾರದು. ಮದುವೆ ಇರಲಿ, ಕುಬಸ ಇರಲಿ, ನಮ್ಮಲ್ಲಿ ಎರಡೂ ಕಡೆಯ ಹೆಂಗಸರು ಎದುರುಬದುರು ಕುಳಿತು ಹಾಡಿನಲ್ಲೇ ಒಬ್ಬರನ್ನೊಬ್ಬರು ಜರೆಯಬೇಕು. ಜರೆಸಿಕೊಂಡವರು ಅಲ್ಲೇ ತಿರುಗಿ ಹಾಡಬೇಕು. ಏನೂ ಹೊಳೆಯದಿದ್ದರೆ ಎದುರಿನವರ ಉಡಿಗೆ ಎಲೆ ಅಡಿಕೆ ಹಾಕಿ ಸೋತೆ ಅನ್ನಬೇಕು.

ಮೊಮ್ಮಗಳ ಮದುವೆಯಲ್ಲಿ ನಾನು ಹಾಕಿದೆ. ಹಾಕಿಸಿಕೊಂಡವಳು ಹುಡುಗಿಯ ಗಂಡನ ಅಜ್ಜಿ, ಹಿರೇಕೆರೂರಿನವಳು. ನನಗೆ ಬೀಗತಿ. ನನ್ನದೇ ವಯಸ್ಸು, ಹಲ್ಲು ನನಗಿಂತ ಕಡಿಮೆ, ಆದರೆ ಹಾಡಲು ಕುಳಿತರೆ ಎಬ್ಬಿಸುವವರಿಲ್ಲ. ನನಗೆ ಹಾಡು ಬರುವುದಿಲ್ಲ. ನಾನು ದನಿ ಎತ್ತಿದರೆ ಹಾಲು ಕರೆಯುವ ಎಮ್ಮೆ ಕಾಲು ಝಾಡಿಸುತ್ತದೆ. ನಮ್ಮ ಕಡೆ ಹಾಡುವವಳು ಸವಣೂರಿನ ನನ್ನ ತಂಗಿ. ಮದುವೆಯ ಹೊತ್ತಿಗೇ ಅವಳ ಗಂಟಲು ಕಟ್ಟಿತ್ತು.

ಈಗ ಮೊಮ್ಮಗಳು ಬಸುರಿ. ಶಿಗ್ಗಾವಿಯ ನಮ್ಮ ಮನೆಯಲ್ಲಿ ಅವಳಿಗೆ ಹಸಿರು ಸೀರೆ ಉಡಿಸಿ, ಬಳೆ ಇಡಿಸಿ, ಕುಬಸ ಮಾಡುವುದೆಂದು ಗೊತ್ತಾಯಿತು. ಬೀಗತಿ ಫೋನಿನಲ್ಲಿ ಕೇಳಿದಳು:

"ಈ ಸಲನೂ ಎಲಿ ನೀವ ತರ್ತೀರೋ, ನಾ ತರ್ಲ್ಯೋ?"

ಅವತ್ತು ನನಗೆ ರೊಟ್ಟಿ ರುಚಿಸಲಿಲ್ಲ.

ತಂಗಿಗೆ ಹೇಳಿದರೆ ಅವಳಿಗೆ ಮೊಣಕಾಲಿನ ಆಪರೇಷನ್ ಆಗಿತ್ತು. "ಕಾಲು ಬರೂದಿಲ್ಲ, ಬಾಯಿ ಕಳಸ್ತೇನಿ ತಗೋ" ಎಂದು ತನ್ನ ಫೋನಿನಲ್ಲಿ ಮೂರು ಹಾಡು ಹಾಡಿ ನನ್ನ ಫೋನಿಗೆ ಕಳಿಸಿದಳು. ಅದನ್ನು ಮಗನ ಸ್ಪೀಕರ್ ಪೆಟ್ಟಿಗೆಯಲ್ಲಿ ಹಾಕುವುದೆಂದು ನಿಕ್ಕಿ ಮಾಡಿದೆವು.

ಮಗನಿಗೆ ಬೀಜದ ಅಂಗಡಿ ಇದೆ, ಪೆಟ್ಟಿಗೆಯ ಹುಚ್ಚೂ ಇದೆ. ಪಡಸಾಲೆಯ ಎರಡು ಮೂಲೆಗೆ ಎದೆಯುದ್ದದ ಎರಡು ಪೆಟ್ಟಿಗೆ ನಿಲ್ಲಿಸಿದ್ದಾನೆ. ನಡುವೆ ಕುರ್ಚಿ ಹಾಕಿ, ಕಣ್ಣು ಮುಚ್ಚಿ, "ಅವ್ವಾ, ದನಿ ಇಲ್ಲಿ ಬಂದು ಕುಂದರ್ತೈತಿ ನೋಡು" ಅನ್ನುತ್ತಾನೆ. ದನ ಕೂತದ್ದು ನೋಡಿದ್ದೇನೆ, ದನಿ ಕೂತದ್ದು ನೋಡಿಲ್ಲ. ಕಣ್ಣು ಮುಚ್ಚಿ ಕೂಡುವುದಾದರೆ ಮಠಕ್ಕೆ ಹೋಗು ಎಂದೆ.

ಹಿಂದಿನ ದಿನ ಹಚ್ಚಿ ನೋಡಿದೆವು. ತಂಗಿಯ ದನಿ ಜರಡಿ ಹಿಡಿದ ಹಿಟ್ಟಿನ ಹಾಗೆ ತೆಳ್ಳಗೆ ಬಂತು. ಅವಳ ಹಿಂದೆ ಕುಕ್ಕರ್ ಸೀಟಿ ಹೊಡೆದದ್ದು ಮಾತ್ರ ನಮ್ಮ ಮನೆಯಲ್ಲೇ ಹೊಡೆದಂತೆ ಸ್ವಚ್ಛ ಕೇಳಿತು. ಸೊಸೆ ಗ್ಯಾಸ್ ಆರಿಸಲು ಓಡಿದಳು.

"ಗಾಳ್ಯಾಗ ಬಂದದ್ದು ಹಿಂಗ ಅವ್ವಾ," ಮಗ ಅಂದ. "ವೈರಿನ್ಯಾಗ ಬಂದ್ರ ಹಾಲು. ಗಾಳ್ಯಾಗ ಬಂದ್ರ ಮಜ್ಜಿಗಿ. ವೈರ್ ಎಳೀಲೇನು?"

"ಬಸುರಿ ಎಡವಿ ಬೀಳ್ಲಿ ಅಂತೇನ ಮಾಡಿ? ಬ್ಯಾಡ. ಮಜ್ಜಿಗೀನ ಇರ್ಲಿ."

ಬಾಯಲ್ಲಿ ಹಾಗೆಂದೆ. ಆದರೆ ನೀರುಮಜ್ಜಿಗೆಯಿಂದ ಬೀಗತಿಯನ್ನು ಸೋಲಿಸುವುದು ಹೇಗೆ? ದನಿ ಗಟ್ಟಿ ಮಾಡುವ ಉಪಾಯ ನನಗೆ ಗೊತ್ತಿತ್ತು. ಹಾನಗಲ್ಲಿನ ತವರಿನಿಂದ ಬಂದ ತಾಮ್ರದ ಹಂಡೆ ಅಡಿಗೆಮನೆಯಲ್ಲಿದೆ. ರೊಟ್ಟಿ ಬಡಿಯುವಾಗ ಫೋನನ್ನು ಅದರೊಳಗೆ ಇಟ್ಟರೆ ಭಜನೆ ಗುಡಿಯೊಳಗೆ ಹಾಡಿದ ಹಾಗೆ ಗುಂಯ್ ಅನ್ನುತ್ತದೆ. ಎಷ್ಟೋ ವರ್ಷದಿಂದ ಹಾಗೇ ಇಡುತ್ತೇನೆ. ಬರಿಯ ಫೋನಿಗೇ ಅಷ್ಟು ಕಸುವು ಬರುವುದಾದರೆ ಅದರ ಜೊತೆಗೆ ಪೆಟ್ಟಿಗೆಯೂ ಸೇರಿದರೆ ಹಿರೇಕೆರೂರಿನ ತನಕ ಕೇಳಬೇಕು. ಮಗನಿಗೆ ಹೇಳಲಿಲ್ಲ. ಹೇಳಿದರೆ ಕಣ್ಣು ಮುಚ್ಚಿಕೊಂಡು ಪಾಠ ಹೇಳುತ್ತಾನೆ.

ಕುಬಸದ ದಿನ ಬೀಗರು ಬಂದರು. ಬೀಗತಿ ನನ್ನ ಎದುರಿಗೇ ಚಾಪೆಯ ಮೇಲೆ ಕುಳಿತು ಸುತ್ತ ನೋಡಿದಳು.

"ನಿಮ್ಮ ತಂಗಿ ಎಲ್ಲ್ಯದಾಳ್ರಿ? ಕಾಣವಲ್ಲಳು."

"ಕಾಣೂದು ಬ್ಯಾಡ್ರಿ. ಕೇಳಸ್ತಾಳ, ಕುಂದರ್ರಿ," ಎಂದು ಅಡಿಗೆಮನೆಗೆ ಹೋದೆ. ಫೋನಿನ ಮೇಲಿನ ಮುಕ್ಕೋನ ಒತ್ತಿದೆ. ಪಡಸಾಲೆಯಲ್ಲಿ ತಂಗಿ ಎದ್ದಳು:

"ಹಿರೇಕೆರೂರ ಬೀಗತಿ ಹೋಳಿಗಿ ಮಾಡ್ಯಾಳ..."

ಫೋನನ್ನು ಹಂಡೆಯ ತಳಕ್ಕೆ ಇಳಿಸಿ ಈಚೆ ಬಂದೆ.

"ಹೂರಣ ಎಲ್ಲೈತಿ ಅಂದ್ರ..."

ಅಷ್ಟೇ. ನಿಂತಿತು. ಹೂರಣ ಊರೆಲ್ಲ ಹುಡುಕಿದರೂ ಇಲ್ಲ ಎಂಬುದು ಮುಂದಿನ ಸಾಲು. ಅದು ಬರಲಿಲ್ಲ. ಬೀಗತಿ ಒಂದು ಉಸಿರೂ ಕಾಯಲಿಲ್ಲ. ನಮ್ಮದೇ ರಾಗ ಹಿಡಿದು ತಾನೇ ಮುಗಿಸಿದಳು:

"ಶಿಗ್ಗಾವಿ ಬೀಗತಿ ಸೆರಗಿನ್ಯಾಗ ಕಟ್ಟ್ಯಾಳ!"

ಅವರ ಕಡೆಯವರು ಬಿದ್ದು ಬಿದ್ದು ನಕ್ಕರು. ನಮ್ಮ ಕಡೆಯವರೂ ನಕ್ಕರು, ನಾಚಿಕೆಗೆಟ್ಟವರು.

ಮಗ ಪೆಟ್ಟಿಗೆಯ ಬೆನ್ನು ತಡವುತ್ತಿದ್ದ. ನಾನು ಒಳಗೆ ಹೋಗಿ ಫೋನ್ ತೆಗೆದು ಎರಡನೆಯ ಹಾಡು ಹಚ್ಚಿದೆ. ಹಂಡೆಯ ಕಸುವು ಸಾಲಲಿಲ್ಲ ಅನಿಸಿತು. ಮೇಲೆ ಮುಚ್ಚಳವನ್ನೂ ಮುಚ್ಚಿದೆ.

"ಬೀಗತಿ ಬಂದಾಳ, ಜರತಾರಿ ಉಟ್ಟಾಳ, ನಿರಗಿ ಎಣಸಿದ್ರ..."

ಮತ್ತೆ ಸುಮ್ಮನಾಯಿತು.

"ಶಿಗ್ಗಾವ್ಯಾಗ ಎಣಸಾಕ ಬರಾವ್ರು ಯಾರ?" ಬೀಗತಿ ಹಾಡಿದಳು. ಬಸುರಿ ಮೊಮ್ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಇಲ್ಲೇ ಹೆರುತ್ತಾಳೇನೋ ಅನ್ನಿಸಿತು.

ಬೀಗತಿ ಉಡಿ ಒಡ್ಡಿದಳು. "ಹಾಕ್ರಿ ಎಲಿ. ನಿಮ್ಮ ತಂಗಿಗೆ ದಮ್ಮು ಬಂದೈತಿ."

"ಇನ್ನೊಂದು ಐತ್ರಿ. ಉಡಿ ಮುಚ್ಚ್ರಿ."

ಮೂರನೆಯದೇ ಕಡೆಯದು. ಅದನ್ನು ಹಚ್ಚಿದೆ, ಹಂಡೆಗೆ ಇಳಿಸಿದೆ, ಮುಚ್ಚಳದ ಮೇಲೆ ಒರಳುಕಲ್ಲಿನ ಗುಂಡನ್ನೂ ಹೇರಿದೆ.

"ಹಿರೇಕೆರೂರ ಬೀಗತಿ ಭಾರಿ ಹಾಡಾಕಿ, ಆಕಿ ಹಾಡು ಮುಗಿಯೂತನಾ..."

ಪೆಟ್ಟಿಗೆ ಬಾಯಿ ಮುಚ್ಚಿತು. ಎಲ್ಲರೂ ಬೀಗತಿಯನ್ನು ನೋಡಿದರು. ಅವಳು ಈ ಸಲ ಹಾಡಲಿಲ್ಲ. ಹೋಳಿಗೆಗೆ ಅಂದರೆ ಸಹಿಸಿದಳು, ಸೀರೆಗೆ ಅಂದರೂ ಸಹಿಸಿದಳು, ಇದು ಹಾಡಿನ ಮಾತು.

"ಮುಗಿಯೂತನಾ ಏನಾತು?"

"ನನಗೇನ ಗೊತ್ತ್ರಿ," ಅಂದೆ. ಗೊತ್ತಿತ್ತು.

"ನನ್ನ ಹಾಡಿಗೆ ಏನಂದಾಳ ಆಕಿ? ಎಲ್ಲೈತಿ ಆ ಫೋನು?"

"ಹಂಡೇದಾಗ."

ಮಗ ಹಣೆ ಬಡಿದುಕೊಂಡ. "ಅವ್ವಾ! ತಾಮ್ರದಾಗ ಮುಚ್ಚಿಟ್ರ ಗಾಳ್ಯಾಗ ಬರೂ ಹಾಡು ಹೆಂಗ ಹೊರಗ ಬರಬೇಕ?"

"ನೀ ಸುಮ್ನಿರೋ," ಬೀಗತಿಯೇ ಅವನನ್ನು ಗದರಿಸಿದಳು. "ನಾನೂ ಕೊಡದಾಗ ಇಡ್ತೇನಿ. ಭಾರಿ ಕೇಳಸ್ತೈತಿ. ನಿಮ್ಮ ಪೆಟಗ್ಯಾಗ ಖೋಟ ಐತಿ."

ಎಷ್ಟಾದರೂ ತಿಳಿದ ಹೆಂಗಸು. ಸೊಂಟ ಹಿಡಿದುಕೊಂಡು ಅಡಿಗೆಮನೆಗೆ ನಡೆದಳು. ಗುಂಡು ಇಳಿಸಿದಳು, ಮುಚ್ಚಳ ತೆಗೆದಳು, ಹಂಡೆಯೊಳಗೆ ತಲೆ ಹಾಕಿದಳು. ಫೋನನ್ನು ಕೈಗೆ ತೆಗೆದುಕೊಂಡು ಮುಕ್ಕೋನವನ್ನು ಹೆಬ್ಬೆಟ್ಟಿನಿಂದ ಒತ್ತಿದಳು. ಹಾಡು ನಿಂತಲ್ಲಿಂದಲೇ ಎದ್ದಿತು. ಮಗ ಆ ಗಡಿಬಿಡಿಯಲ್ಲಿ ಪೆಟ್ಟಿಗೆಯ ದನಿ ಏರಿಸುವ ಕಿವಿಯನ್ನು ಕಡೆತನಕ ತಿರುಗಿಸಿ ಬಿಟ್ಟಿದ್ದ.

"ಎಮ್ಮಿ ಈದೈತಿ, ಕರ ಬೆಳದೈತಿ, ಕರನೂ ಈದು ಹೈನಾ ಕೊಟ್ಟೈತಿ!"

ಕಿಡಕಿ ಗಡಗಡ ಅಂದವು. ಓಣಿಯ ನಾಯಿ ಬೊಗಳಿತು. ಹಿಂದಿನಿಂದ ಕುಕ್ಕರ್ ಸೀಟಿಯೂ ಬಂತು. ಹಿರೇಕೆರೂರಿನವರೇ ಮೊದಲು ನಕ್ಕರು. ಅವಳ ಹಾಡಿಗೆ ಕುಳಿತು ಕುಳಿತು ಕಾಲು ಜೋಮು ಹಿಡಿಸಿಕೊಂಡವರು ಅವರೇ ಅಲ್ಲವೇ?

ಬೀಗತಿ ಬಾಯಿ ತೆಗೆದಳು. ಏನೂ ಬರಲಿಲ್ಲ. ಅಷ್ಟರಲ್ಲಿ ತಂಗಿ ಪೆಟ್ಟಿಗೆಯಲ್ಲಿ ಇನ್ನೊಂದು ನುಡಿಗೆ ಕೈ ಹಾಕಿದಳು: "ಹಿರೇಕೆರೂರ ಬೀಗತಿ..."

ಬೀಗತಿ ಫೋನನ್ನು ಹಂಡೆಗೆ ಬಿಟ್ಟು, ಮುಚ್ಚಳ ಮುಚ್ಚಿ, ಗುಂಡು ಹೇರಿ, ಅದರ ಮೇಲೆ ಎರಡೂ ಕೈ ಊರಿ ನಿಂತಳು. ಪಡಸಾಲೆ ತಣ್ಣಗಾಯಿತು.

"ಖೋಟ ಪೆಟಗ್ಯಾಗ ಅಂದ್ರೆಲ್ಲ?" ಮಗ ಕೇಳಿದ.

"ಹಂಡೆ ಚೊಲೊ ಐತಿ," ಅಂದಳು. "ನನಗೊಂದು ಬೇಕು."

ಹಂಡೆ ಕೊಡುವುದಿಲ್ಲ, ಎಲೆ ಹಾಕಿ ಎಂದು ಉಡಿ ಒಡ್ಡಿದೆ. ಹಾಕಿದಳು. ಸವಣೂರಿನ ಎಲೆ, ನಮ್ಮದೇ ತಾಟಿನಿಂದ ಎತ್ತಿದ್ದು. ತನ್ನ ಕಡೆಯಿಂದ ಒಂದೂ ತಂದಿರಲಿಲ್ಲ, ಅಷ್ಟು ಧೈರ್ಯ ಅವಳಿಗೆ.

ಸಂಜೆ ತಂಗಿ ಫೋನ್ ಮಾಡಿ ಕೇಳಿದಳು, "ದನಿ ಹೆಂಗ ಬಂತಕ್ಕ?"

"ಅರ್ಧಾ ಬಂತು," ಅಂದೆ. "ಬೇಕಾದ ಅರ್ಧಾ ಬಂತು. ಮುಂದಿನ ಸಲ ಕುಕ್ಕರ್ ಇಳಿಸಿ ಹಾಡು."